ತಾಯ್ನಾಡಿಗೆ ಹೋದ ಮಗಳು: ‘ದಿ ಜಾಯ್ ಲಕ್ ಕ್ಲಬ್’ ಕೊನೆಯ ಅಧ್ಯಾಯದ ಟಿಪ್ಪಣಿ

ಪರೀಕ್ಷೆಯಲ್ಲಿ ವಲಸೆ ಕಾದಂಬರಿಗಳ ಬಗ್ಗೆ ಪ್ರಶ್ನೆ ಬಂದರೆ ‘ತಾಯ್ನಾಡಿಗೆ ಹೋಗಿ ತನ್ನ ಬೇರು ಕಂಡುಕೊಂಡಳು’ ಅಂತ ಸುಮ್ನೆ ಬರೆದು ಮುಗಿಸಿಬಿಡುತ್ತೇವೆ. ಚೀನೀ-ಅಮೆರಿಕನ್ ಲೇಖಕಿ ಆಮಿ ಟ್ಯಾನ್ ಅವರ ‘ದಿ ಜಾಯ್ ಲಕ್ ಕ್ಲಬ್’ (1989) ಕಾದಂಬರಿಗೆ ಆ ಮಾತು ಅಷ್ಟು ಸಲೀಸಾಗಿ ಹೊಂದುವುದಿಲ್ಲ.

ಕಥೆ ಇಷ್ಟು. ಜಿಂಗ್-ಮೇ ಅಮೆರಿಕದಲ್ಲಿ ಬೆಳೆದವಳು, ವಯಸ್ಸು 36. ಯುದ್ಧದ ಕಾಲದಲ್ಲಿ ಚೀನಾದಲ್ಲಿ ಜಪಾನ್ ಸೈನ್ಯಕ್ಕೆ ಹೆದರಿ ಓಡುವಾಗ ಅವಳ ಅಮ್ಮ ಸುಯುವಾನ್ ತನ್ನ ಅವಳಿ ಹೆಣ್ಣುಮಕ್ಕಳನ್ನು ದಾರಿಯಲ್ಲಿ ಬಿಟ್ಟುಬಂದಿದ್ದಳು. ಅವರು ಬದುಕಿದ್ದಾರೆ ಎಂಬ ಪತ್ರ ಬರುವಷ್ಟರಲ್ಲಿ ಅಮ್ಮ ತೀರಿಹೋಗಿದ್ದಾಳೆ. ಅಮ್ಮ ಹೋಗಬೇಕಿದ್ದ ಕಡೆ ಮಗಳು ಅಪ್ಪನ ಜೊತೆ ಹೊರಡುತ್ತಾಳೆ.

ರೈಲು ಹಾಂಗ್‌ಕಾಂಗ್ ಗಡಿ ದಾಟಿ ಶೆನ್‌ಜೆನ್ ಸೇರುತ್ತಿದ್ದಂತೆ ತಾನು ಚೀನೀಯಳಾಗುತ್ತಿದ್ದೇನೆ ಅಂತ ಅವಳಿಗೆ ಅನಿಸುತ್ತದೆ. ಉತ್ತರಪತ್ರಿಕೆಯಲ್ಲಿ ಎಲ್ಲರೂ ಹಿಡಿಯುವುದು ಈ ಸಾಲನ್ನೇ. ಆದರೆ ಗುವಾಂಗ್‌ಜೌನಲ್ಲಿ ಇಳಿದ ಮೇಲೆ ಆ ಉತ್ಸಾಹ ಟುಸ್ ಅನ್ನುತ್ತದೆ. 5 ಅಡಿ 6 ಅಂಗುಲದ ಅವಳ ತಲೆ ಗುಂಪಿನಲ್ಲಿ ಎದ್ದು ಕಾಣುತ್ತದೆ. ಅವಳ ಎತ್ತರಕ್ಕೆ ಸಮ ಇರುವವರು ಬೇರೆ ಪ್ರವಾಸಿಗಳು ಮಾತ್ರ. ಹೋಟೆಲ್ ರೂಮಿನ ಫ್ರಿಜ್ಜಿನಲ್ಲಿ ಕೋಕ್, ಸೆವೆನ್ ಅಪ್. ಮೊದಲ ರಾತ್ರಿ ಭರ್ಜರಿ ಚೀನೀ ಊಟ ಅಂತ ಕನಸು ಕಂಡಿದ್ದಳು. ನೆಂಟರು ತರಿಸಿದ್ದು ಹ್ಯಾಂಬರ್ಗರ್, ಫ್ರೆಂಚ್ ಫ್ರೈಸ್, ಆಪಲ್ ಪೈ! ನಗು ಬರುತ್ತದೆ ಅಲ್ವಾ?

ಅಧ್ಯಾಯದ ಜೀವ ಇರುವುದು ಆ ರಾತ್ರಿಯ ಮಾತಿನಲ್ಲಿ. ಅಮ್ಮನ ಕಥೆಯನ್ನು ಅಪ್ಪ ತಡವರಿಸುತ್ತಾ ಇಂಗ್ಲಿಷಿನಲ್ಲಿ ಶುರುಮಾಡುತ್ತಾನೆ. ಚೀನೀ ಭಾಷೆಯಲ್ಲೇ ಹೇಳಪ್ಪ, ನನಗೆ ಅರ್ಥವಾಗುತ್ತದೆ ಅನ್ನುತ್ತಾಳೆ ಮಗಳು. ಆಮಶಂಕೆ ಹತ್ತಿ, ತಾನಿನ್ನು ಉಳಿಯುವುದಿಲ್ಲ ಅನಿಸಿದಾಗ ಸುಯುವಾನ್ ಕೂಸುಗಳ ಬಟ್ಟೆಯೊಳಗೆ ಒಡವೆ, ದುಡ್ಡು ತುರುಕಿ ಮುಂದೆ ನಡೆದಿದ್ದಳು. ಹೆತ್ತ ಮಕ್ಕಳನ್ನು ಯಾಕೆ ಬಿಟ್ಟಳು ಎಂಬ ಪ್ರಶ್ನೆಗೆ ಮಗಳಿಗೆ ಉತ್ತರ ಸಿಗುವುದು ಇಲ್ಲೇ. ಚೀನಾಕ್ಕೆ ಬಂದು ಅವಳಿಗೆ ದಕ್ಕಿದ್ದು ಅಮ್ಮ.

ಶಾಂಘೈನಲ್ಲಿ ಅಕ್ಕಂದಿರು ಸಿಗುತ್ತಾರೆ. ಪೊಲರಾಯ್ಡ್ ಫೋಟೋದಲ್ಲಿ ಮೂವರೂ ಸೇರಿ ಅಮ್ಮನಂತೆ ಕಾಣುತ್ತಾರೆ. ತನ್ನ ಚೀನೀತನ ರಕ್ತದಲ್ಲಿದೆ ಅನ್ನುತ್ತಾಳೆ ಜಿಂಗ್-ಮೇ. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ರಕ್ತದಲ್ಲೇ ಇದ್ದರೆ ಇಷ್ಟು ವರ್ಷ ಅದು ಎಲ್ಲಿತ್ತು? ಚೀನೀ-ಅಮೆರಿಕನ್ ಲೇಖಕ ಫ್ರಾಂಕ್ ಚಿನ್ ಅವರಂತೂ ಟ್ಯಾನ್ ತೋರಿಸುವ ಚೀನಾವೇ ನಕಲಿ ಎಂದು ಜಗಳಕ್ಕೆ ನಿಂತರು. ಅದು ಸ್ವಲ್ಪ ಜಾಸ್ತಿಯಾಯಿತು. ಹ್ಯಾಂಬರ್ಗರ್ ಪ್ರಸಂಗ ಬರೆದವರಿಗೆ ಚೀನಾದ ಬಗ್ಗೆ ಭ್ರಮೆ ಇತ್ತು ಅನ್ನಲಾಗದು.

ಹೋಲಿಕೆ ಕೇಳಿದರೆ ಝುಂಪಾ ಲಾಹಿರಿಯವರ ‘ದಿ ನೇಮ್‌ಸೇಕ್’ (2003) ತೆಗೆದುಕೊಳ್ಳಿ. ಗಂಡ ತೀರಿಕೊಂಡ ಮೇಲೆ, ಬಂಗಾಳದಿಂದ ವಲಸೆ ಹೋಗಿದ್ದ ಅಶಿಮಾ ಅಮೆರಿಕದ ಮನೆ ಮಾರಿ, ವರ್ಷಕ್ಕೆ 6 ತಿಂಗಳು ಭಾರತದಲ್ಲಿ, 6 ತಿಂಗಳು ಅಮೆರಿಕದಲ್ಲಿ ಅಂತ ತೀರ್ಮಾನಿಸುತ್ತಾಳೆ. ಜಿಂಗ್-ಮೇ ರಕ್ತದ ಮಾತಾಡಿದರೆ, ಅಶಿಮಾ ಕ್ಯಾಲೆಂಡರನ್ನೇ ಎರಡು ದೇಶಗಳಿಗೆ ಹಂಚುತ್ತಾಳೆ.