ತೋಟ ಸುತ್ತಿದರೆ ಸಾಲದು

"ದಿನಾ ತೋಟ ಸುತ್ತುತ್ತೇನೆ ಡಾಕ್ಟ್ರೇ, ನನಗ್ಯಾಕೆ ಬೇರೆ ವ್ಯಾಯಾಮ?" ಮಡಿಕೇರಿಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರಲ್ಲಿ ಎಷ್ಟೋ ಜನ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಕೈ ಮುರಿದುಕೊಂಡು ಬಂದವರು.

ನಾಟಿ ಕೋಳಿ ಕೊಯ್ದವರಿಗೆ ಗೊತ್ತು, ಕಾಲಿನ ಮಾಂಸ ಕೆಂಪು, ಎದೆಯದು ಬಿಳಿ. ಕೋಳಿ ದಿನವಿಡೀ ಓಡಾಡುವುದು ಕಾಲಿನಲ್ಲಿ. ಎದೆಗೆ ಕೆಲಸ ಬೀಳುವುದು ಪುರ್ರನೆ ಹಾರುವಾಗ ಮಾತ್ರ. ಮಾಂಸ ಅಂದರೆ ಸ್ನಾಯು, ದಾರದಂಥ ಎಳೆಗಳ ಕಟ್ಟು. ನಮ್ಮಲ್ಲಿ ಕೆಂಪು, ಬಿಳಿ ಎರಡೂ ಬಗೆಯ ಎಳೆಗಳು ಒಂದೇ ಸ್ನಾಯುವಿನಲ್ಲಿ ಬೆರೆತಿರುತ್ತವೆ. ಕೆಂಪಿನವು ನಿಧಾನದವು, ಅಂದರೆ ಟೈಪ್ 1; ಅವು ಆಮ್ಲಜನಕ ಬಳಸಿ ಗಂಟೆಗಟ್ಟಲೆ ದುಡಿಯುತ್ತವೆ. ವೇಗದ ಟೈಪ್ 2 ಎಳೆಗಳು ತಟ್ಟನೆ ಬಲ ಕೊಡುತ್ತವೆ, ಬೇಗ ದಣಿಯುತ್ತವೆ.

ನನ್ನ ಹತ್ತಿರ ಬರುವವರಿಗೆ ಅರ್ಥವಾಗದೆ ಉಳಿಯುವುದು ಒಂದೇ ವಿಷಯ. ನರಗಳು ಎಲ್ಲ ಎಳೆಗಳನ್ನೂ ಒಟ್ಟಿಗೆ ಕರೆಯುವುದಿಲ್ಲ. ಮೊದಲು ನಿಧಾನದವನ್ನು ಕರೆಯುತ್ತವೆ. ಅವುಗಳಿಂದಲೇ ಕೆಲಸ ಮುಗಿದರೆ ವೇಗದವಕ್ಕೆ ಕರೆಯೇ ಹೋಗುವುದಿಲ್ಲ. ಸಮತಟ್ಟು ದಾರಿಯಲ್ಲಿ ಒಂದು ಗಂಟೆ ನಡೆದರೂ ಅಷ್ಟೇ, ಎರಡು ಗಂಟೆ ನಡೆದರೂ ಹೆಚ್ಚುಕಡಿಮೆ ಅಷ್ಟೇ. ಕಡಿದಾದ ಏರಿನಲ್ಲಿ ಇನ್ನಷ್ಟು ಎಳೆಗಳು ಸೇರಿಕೊಳ್ಳುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ತೋಟದಲ್ಲಿ 50 ಕಿಲೋ ಚೀಲ ಎತ್ತುವವರು ಕೆಲಸದವರು, ನೀವಲ್ಲ, ಅಲ್ವಾ?

ವಯಸ್ಸಾದಂತೆ ಜಾಸ್ತಿ ಸೊರಗುವುದು ಈ ವೇಗದ ಎಳೆಗಳೇ. ಕಾಲು ಜಾರಿದ ಕ್ಷಣದಲ್ಲಿ ಇನ್ನೊಂದು ಕಾಲನ್ನು ಸರಕ್ಕನೆ ಮುಂದಿಟ್ಟು ನಿಲ್ಲಬೇಕಲ್ಲ, ಆಗ ಬೇಕಾಗುವುದೂ ಅವೇ.

1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ, ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಆ ವರ್ಷವೇ ಆಡಿದ್ದ ಅಂಕಲ್ ಒಬ್ಬರು ಬಂದಿದ್ದರು. ಈಗಲೂ ದಿನಕ್ಕೆ ಐದು ಕಿಲೋಮೀಟರ್ ನಡೆಯುತ್ತಾರೆ. "ಕೈ ಊರದೆ ಕುರ್ಚಿಯಿಂದ ಏಳಿ ಅಂಕಲ್" ಎಂದೆ. ಆಗಲಿಲ್ಲ. ಅವರ ಮುಖ ನೋಡಿ ನನಗೇ ಸಂಕಟವಾಯಿತು. ಎತ್ತರದ ಕುರ್ಚಿಯಿಂದ ಶುರುಮಾಡಿದೆವು. ಆಮೇಲೆ ಮಾಮೂಲಿ ಕುರ್ಚಿ. ನಂತರ ಎದೆಗೆ ಅವಚಿಕೊಂಡ ಐದು ಕಿಲೋ ಅಕ್ಕಿ ಚೀಲ. ವಾರಕ್ಕೆ ಎರಡು ದಿನ, ಕೊನೆಯ ಎರಡು ಸಲ ಏಳುವುದು ನಿಜಕ್ಕೂ ಕಷ್ಟ ಅನ್ನಿಸುವಷ್ಟು. ಹಾಗೆ ಕಷ್ಟವಾದಾಗಲೇ ವೇಗದ ಎಳೆಗಳಿಗೂ ಕರೆ ಹೋಗುವುದು. ಮೂರು ತಿಂಗಳಿಗೆ ಅವರ ಮನೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದರು.

ನಡೆಯುವುದನ್ನು ಬಿಡಬೇಡಿ, ಹೃದಯಕ್ಕೆ ಅದು ಬೇಕೇ ಬೇಕು. ಬಿಪಿ, ಹೃದಯದ ತೊಂದರೆ, ಮಂಡಿ ಆಪರೇಷನ್ ಆದವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಏಳುವಾಗ ಉಸಿರು ಬಿಗಿ ಹಿಡಿಯಬೇಡಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟುಕೊಳ್ಳಿ.