ಗಾಡಿ ತುಂಬಿದ ಮೇಲೆ ಹತ್ತಿರದ ದಾರಿ ಏನು ಮಾಡುತ್ತೆ?

ಬೆಳಗ್ಗೆ ತುಮಕೂರು ರೈಲ್ವೆ ಸ್ಟೇಷನ್ ಮುಂದೆ ಒಂದರ್ಧ ಗಂಟೆ ನಿಂತು ನೋಡಿ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಗಾಡಿ ನಿಲ್ಲಿಸಿ ಓಡುತ್ತಾರೆ, ಸಂಜೆವರೆಗೆ ಆ ಕಡೆ ತಿರುಗಿ ನೋಡುವುದಿಲ್ಲ. ಮೈಸೂರಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ತರಹದ ಬಾಡಿಗೆ ಸೈಕಲ್ ಇಲ್ಲಿಗೂ ಬಂತು ಅಂತಿಟ್ಟುಕೊಳ್ಳಿ. ಎಂಟು ಗಂಟೆಗೆಲ್ಲ ಸ್ಟೇಷನ್ ಸ್ಟ್ಯಾಂಡ್ ಭರ್ತಿ, ಬಡಾವಣೆಗಳ ಸ್ಟ್ಯಾಂಡ್ ಖಾಲಿ. ಯಾರಾದರೂ ಗಾಡಿಯಲ್ಲಿ ಹಾಕಿಕೊಂಡು ಹಂಚಬೇಕು.

ನನ್ನ ಕೆಲಸ ಗಾಡಿಗಳಿಗೆ ರೂಟ್ ಹಾಕುವುದು. ಹೊಸಬರು ಮ್ಯಾಪ್ ತೆಗೆದು ಹತ್ತಿರದ ದಾರಿ ಹುಡುಕುತ್ತಾರೆ. ಅದೇ ಸುಲಭವಲ್ಲ ಬಿಡಿ, 10 ಸ್ಟ್ಯಾಂಡ್ ಸುತ್ತಲು 36,28,800 ಕ್ರಮಗಳಿವೆ, 20 ಆದರೆ 19 ಅಂಕಿಯ ಸಂಖ್ಯೆ. ಆದರೆ ಗಾಡಿಯಲ್ಲಿ ಜಾಗ ಇಲ್ಲದಿದ್ದರೆ ಹತ್ತಿರದ ದಾರಿಯಿಂದ ಪ್ರಯೋಜನವಿಲ್ಲ. ನೀರಿನ ಕ್ಯಾನ್ ಗಾಡಿಯಲ್ಲೇ ಇದನ್ನು ಕಲಿತೆ. ಗಾಡಿ ತುಂಬಾ ತುಂಬಿದ ಕ್ಯಾನ್ ಇರುವಾಗಲೇ, ಖಾಲಿ ಕ್ಯಾನ್ ಎತ್ತುವ ಅಂಗಡಿಗಳನ್ನೇ ಮೊದಲು ಹಾಕಿಬಿಟ್ಟಿದ್ದೆ. ಡ್ರೈವರ್ ಫೋನ್ ಮಾಡಿದ: "ಸಾರ್, ಇವನ್ನ ಎಲ್ಲಿಡ್ಲಿ, ತಲೆ ಮೇಲಾ?"

ಸೈಕಲ್ ಲೆಕ್ಕ ನೋಡಿ. ಸುಮ್ನೆ ಉದಾಹರಣೆಗೆ. ಗಾಡಿಗೆ 10 ಸೈಕಲ್ ಹಿಡಿಯುತ್ತೆ. ಸ್ಟೇಷನ್‌ನಲ್ಲಿ 10 ಜಾಸ್ತಿ, ಟೌನ್ ಹಾಲ್ ಹತ್ತಿರ 5 ಜಾಸ್ತಿ. ಎಸ್‌ಐಟಿ ಬಡಾವಣೆಗೆ 6 ಬೇಕು, ಬಟವಾಡಿಗೆ 9. ಸ್ಟೇಷನ್‌ನಲ್ಲೇ ಹತ್ತೂ ತುಂಬಿಕೊಂಡರೆ ಟೌನ್ ಹಾಲ್‌ನಲ್ಲಿ ಒಂದನ್ನೂ ಎತ್ತಲಾಗದು. ಎಸ್‌ಐಟಿಯಲ್ಲಿ 6 ಇಳಿಸಿ, ವಾಪಸ್ ಟೌನ್ ಹಾಲ್‌ಗೆ ಬಂದು 5 ಎತ್ತಿ, ಬಟವಾಡಿಗೆ 9 ಕೊಟ್ಟರೆ ಕಾಗದದ ಮೇಲೆ ಲೆಕ್ಕ ಚುಕ್ತಾ. ಆದರೆ ಒಂಬತ್ತು ಗಂಟೆಗೆ ಬಿ.ಎಚ್. ರಸ್ತೆಯಲ್ಲಿ ಆ ಒಂದು ಓಡಾಟಕ್ಕೆ ಎಷ್ಟು ಹೊತ್ತು ಹೋಗುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾ?

ನಾನಾದರೆ ಸ್ಟೇಷನ್‌ನಲ್ಲಿ 5, ಟೌನ್ ಹಾಲ್‌ನಲ್ಲಿ 5 ಎತ್ತಿ, ಎಸ್‌ಐಟಿಗೆ 4, ಬಟವಾಡಿಗೆ 6 ಕೊಟ್ಟು ಮುಗಿಸುತ್ತೇನೆ. ಎರಡು ಕಡೆಯೂ ಸ್ವಲ್ಪ ಕಮ್ಮಿ ಬೀಳುತ್ತೆ, ಬೀಳಲಿ. ಸ್ಟ್ಯಾಂಡ್ ಪೂರ್ತಿ ಖಾಲಿಯೂ ಇರಬಾರದು, ಪೂರ್ತಿ ಭರ್ತಿಯೂ ಇರಬಾರದು, ಅಷ್ಟು ಸಾಕು. ಪೂರ್ತಿ ಸರಿಮಾಡುವ ಕೆಲಸ ರಾತ್ರಿಗೆ, ಆಗ ರಸ್ತೆಯೂ ಖಾಲಿ, ಸೈಕಲ್‌ಗಳೂ ನಿಂತಲ್ಲೇ ಇರುತ್ತವೆ.

ಸ್ಟೇಷನ್‌ನಲ್ಲಿ ಉಳಿದ ಆ ಐದು ಸೈಕಲ್? ಸಂಜೆ ರೈಲು ಇಳಿದವರು ಅವನ್ನೇ ತುಳಿದುಕೊಂಡು ಬಟವಾಡಿಗೆ ಹೋಗುತ್ತಾರೆ, ಡೀಸೆಲ್ ಖರ್ಚಿಲ್ಲದೆ.