ವಿಜ್ಞಾಪನಾ ಪ್ರಾರ್ಥನೆ: ಬೇಡುವ ಮುಂಚೆ ಸ್ತೋತ್ರ

ಕೋಲಾರದ ಕ್ರೈಸ್ತ ಸಭೆಗಳಲ್ಲಿ ಭಾನುವಾರದ ಆರಾಧನೆಯ ನಡುವೆ ಅಯ್ಯನವರು (ಪಾಸ್ಟರು) ಜನ ಬರೆದುಕೊಟ್ಟ ಪ್ರಾರ್ಥನೆಯ ಚೀಟಿಗಳನ್ನು ನೋಡಿ ಹೆಸರು ಓದುವುದುಂಟು. ಇಟಿಸಿಎಂ ಆಸ್ಪತ್ರೆಯಲ್ಲಿ ಮಲಗಿರುವ ಅಜ್ಜಿ, ಪಿಯುಸಿ ಪರೀಕ್ಷೆ ಬರೆಯುವ ಹುಡುಗ, ಬೆಂಗಳೂರಲ್ಲಿ ಕೆಲಸ ಹುಡುಕುತ್ತಿರುವ ಅಳಿಯ. ಹೀಗೆ ತನಗಾಗಿ ಅಲ್ಲದೆ ಇನ್ನೊಬ್ಬರಿಗಾಗಿ ದೇವರ ಹತ್ತಿರ ಬೇಡುವುದಕ್ಕೆ ವಿಜ್ಞಾಪನಾ ಪ್ರಾರ್ಥನೆ ಅನ್ನುತ್ತಾರೆ. ಕ್ಯಾಥೊಲಿಕರ ಬಲಿಪೂಜೆಯಲ್ಲಿ (ಮಾಸ್) ಇದಕ್ಕೆ ಹತ್ತಿರದ್ದು 'ವಿಶ್ವಾಸಿಗಳ ಪ್ರಾರ್ಥನೆ'. ಮರೆಯಾಗಿದ್ದ ಅದನ್ನು ಮತ್ತೆ ತರಬೇಕು ಎಂದು ಕ್ಯಾಥೊಲಿಕ್ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು.

ಆದರೆ ವಿಜ್ಞಾಪನೆ ಅಂದರೆ ಬೇಡಿಕೆಯ ಪಟ್ಟಿ ಮಾತ್ರ ಅಲ್ಲ. ಅದರಲ್ಲಿ ಇನ್ನೊಂದು ಅರ್ಧ ಇದೆ, ಅದೇ ಸ್ತೋತ್ರ. ಯಾರಿಗಾಗಿ ಬೇಡುತ್ತೇವೋ ಆ ಮನುಷ್ಯ ನಮಗೆ ಸಿಕ್ಕಿದ್ದಕ್ಕೆ ಮೊದಲು ದೇವರಿಗೆ ಕೃತಜ್ಞತೆ ಹೇಳುವುದು.

ಇದನ್ನು ನೋಡಬೇಕಾದರೆ ಬೈಬಲಿನಲ್ಲಿರುವ ಪೌಲನ ಪತ್ರಗಳನ್ನು ತೆರೆಯಬೇಕು. ಪೌಲ ಯೇಸುವಿನ ಅಪೊಸ್ತಲ, ಬೇರೆ ಬೇರೆ ಊರಿನ ಸಭೆಗಳಿಗೆ ಪತ್ರ ಬರೆದವನು. ನಮ್ಮ ಹಿರಿಯರು 'ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂದು ಶುರು ಮಾಡುತ್ತಿದ್ದ ಹಾಗೆ ಆ ಕಾಲದ ಗ್ರೀಕ್ ಪತ್ರಗಳಲ್ಲೂ ಮೊದಲಿಗೆ ಕ್ಷೇಮದ ಮಾತು ಬರುತ್ತಿತ್ತು. ಪೌಲ ಆ ಜಾಗದಲ್ಲಿ ಸ್ತೋತ್ರ ಇಟ್ಟ. ಕ್ರಿ.ಶ. 50ರ ಸುಮಾರಿನ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲೇ ಇದು ಕಾಣುತ್ತದೆ. ಫಿಲಿಪ್ಪಿಯವರಿಗೆ ಬರೆಯುವಾಗ ಅವನು ಸೆರೆಯಲ್ಲಿದ್ದ. ಆದರೂ ನಿಮ್ಮನ್ನು ನೆನೆದಾಗೆಲ್ಲ ದೇವರಿಗೆ ಸ್ತೋತ್ರ ಮಾಡುತ್ತೇನೆ ಎಂದೇ ಶುರು ಮಾಡುತ್ತಾನೆ. ಕೊಲೊಸ್ಸೆಯವರಲ್ಲಿ ಎಷ್ಟೋ ಜನ ಅವನ ಮುಖವನ್ನೇ ಕಂಡಿರಲಿಲ್ಲ. ಅವರಿಗೆ ಸುವಾರ್ತೆ ಸಾರಿದ ಎಪಫ್ರನ ಬಾಯಿಂದ ಕೇಳಿದ್ದಷ್ಟೇ ಪೌಲನಿಗೆ ಸ್ತೋತ್ರ ಹೇಳಲು ಸಾಕಾಯಿತು.

ನನಗೆ ಜಾಸ್ತಿ ಹಿಡಿಸುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರ. ಅಲ್ಲಿನವರು ಗುಂಪು ಕಟ್ಟಿಕೊಂಡು ಜಗಳವಾಡುತ್ತಿದ್ದರು, ಒಬ್ಬರ ಮೇಲೊಬ್ಬರು ಕೋರ್ಟಿಗೂ ಹೋಗಿದ್ದರು. ಪೌಲ ಮುಂದೆ ಅವರಿಗೆ ಚೆನ್ನಾಗಿಯೇ ಬೈಯುತ್ತಾನೆ. ಮೊದಲು ಮಾತ್ರ ಸ್ತೋತ್ರ. ಇದು ಮುಖಸ್ತುತಿ ಅಲ್ಲ, ಅಲ್ವಾ? ಅವನು ಅವರನ್ನು ಹೊಗಳುತ್ತಿಲ್ಲ, ಅವರಿಗೆ ಸಿಕ್ಕ ಕೃಪೆಗಾಗಿ ದೇವರಿಗೆ ಸ್ತೋತ್ರ ಹೇಳುತ್ತಿದ್ದಾನೆ. ಆದರೆ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಈ ಸ್ತೋತ್ರ ಇಲ್ಲ. ವಂದನೆ ಮುಗಿದ ಕೂಡಲೇ ನೇರ ಗದರಿಕೆ.

ಇನ್ನು ಬೇಡಿಕೆ. ಫಿಲಿಪ್ಪಿಯವರ ಪ್ರೀತಿ ತಿಳುವಳಿಕೆಯ ಜೊತೆ ಬೆಳೆಯಲಿ, ಕೊಲೊಸ್ಸೆಯವರಿಗೆ ತಾಳ್ಮೆ ಬರಲಿ ಎಂದು ಅವನು ಕೇಳುತ್ತಾನೆ. ನಮ್ಮ ಚೀಟಿಗಳಲ್ಲಿ ಕಾಯಿಲೆ, ಕೆಲಸ, ಮದುವೆ, ಬೋರ್‌ವೆಲ್ಲಿಗೆ ನೀರು. ಅದೇನೂ ತಪ್ಪಲ್ಲ. ರೋಗಿಗಳಿಗಾಗಿ ಪ್ರಾರ್ಥಿಸಿ ಎಂದು ಬೈಬಲಿನ ಯಾಕೋಬನ ಪತ್ರವೇ ಹೇಳುತ್ತದೆ. ಆದರೆ ಪಕ್ಕದ ಬೆಂಚಿನವರಿಗೆ ತಾಳ್ಮೆ ಕೊಡು ಎಂದು ಯಾರೂ ಚೀಟಿ ಬರೆಯುವುದಿಲ್ಲ. ಬರೆದರೆ ಜಗಳವೇ ಆದೀತು!

ಇನ್ನೊಂದು ಕಿವಿಮಾತು. ಮನೆ ಪ್ರಾರ್ಥನೆಗಳಲ್ಲಿ 'ಪ್ರಾರ್ಥನಾ ವಿಷಯ' ಅನ್ನುವ ಹೆಸರಲ್ಲಿ ಬೇರೆಯವರ ಮನೆಯ ಗುಟ್ಟು ಊರೆಲ್ಲ ಸುತ್ತುವುದುಂಟು. ಅದು ವಿಜ್ಞಾಪನೆ ಅಲ್ಲ, ಸುಮ್ನೆ ಚಾಡಿ.

ಸ್ತೋತ್ರಕ್ಕೆ ಕೋಲಾರದ ಕಡೆ ಬೇರೆ ದಾರಿಗಳೂ ಇವೆ. ಕಾಯಿಲೆ ವಾಸಿಯಾದರೆ, ಹೊಸ ಮನೆ ಕಟ್ಟಿದರೆ ಮನೆಯಲ್ಲಿ ಸ್ತೋತ್ರ ಕೂಟ ಇಟ್ಟು ಎಲ್ಲರಿಗೂ ಊಟ ಹಾಕುತ್ತಾರೆ. ಅಲ್ಲಿ ತಮಗಾಗಿ ಪ್ರಾರ್ಥಿಸಿದವರನ್ನೂ ನೆನೆದು ದೇವರಿಗೆ ಸ್ತೋತ್ರ ಹೇಳುವ ಮನೆಯವರು ಪೌಲನ ರೀತಿಗೆ ತುಂಬಾ ಹತ್ತಿರ. ಅವನೂ ಥೆಸಲೊನೀಕದವರಿಗೆ ಕೊನೆಯಲ್ಲಿ ಬರೆದದ್ದು ಇಷ್ಟೇ: ನಮಗಾಗಿಯೂ ಪ್ರಾರ್ಥಿಸಿ.